ಸಿಇಟಿ: ಪಾಠವೇ ಆಗದ ಪ್ರಶ್ನೆಗಳು

ಮಾನ್ಯರೇ,

2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಪಿಯು ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳೂ ಬಂದಿದ್ದವು. ಕೊನೆಗೆ ನಾಲ್ಕು ವಿಷಯಗಳಿಂದ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಒಂದು ವಿಷಯಕ್ಕೆ ಸಿಗುವುದೇ 80 ನಿಮಿಷ, ಅದರಲ್ಲಿ 60 ಪ್ರಶ್ನೆ. ಪಾಠವೇ ಆಗದ ಪ್ರಶ್ನೆಗೆ ತಲೆ ಕೆಡಿಸಿಕೊಂಡ ಮಕ್ಕಳಿಗೆ ಆ ಸಮಯ ವಾಪಸ್ ಸಿಗಲಿಲ್ಲ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಿರುವಾಗ ಪಿಯು ಇಲಾಖೆಯೂ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರವೂ ಒಂದೇ ಪಠ್ಯ ಇಟ್ಟುಕೊಂಡು ಕೆಲಸ ಮಾಡಬೇಕು, ಅಲ್ವಾ?

ಇನ್ನೊಂದು ಮಾತು. ಯಾವ ಪಾಠಗಳಲ್ಲಿ ಮಕ್ಕಳು ಜಾಸ್ತಿ ಎಡವಿದರು ಎಂಬ ವಿವರವನ್ನು ಪ್ರಾಧಿಕಾರ ಪ್ರತಿ ವರ್ಷ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊಡಲಿ. ಮೊದಲ ಸೆಮಿಸ್ಟರ್‌ನ ಮೇಷ್ಟ್ರುಗಳು ಅಲ್ಲಿಂದಲೇ ಪಾಠ ಶುರು ಮಾಡಬಹುದು.

– ಪಿಯು ಉಪನ್ಯಾಸಕಿ, ಹಾಸನ