ಫೋನಿನ ಆ ತುದಿಯಲ್ಲಿರುವವರಿಗೆ

ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನವನ್ನು ನನ್ನ ಜೊತೆ ಕೆಲಸ ಕಲಿಯುವ ಇಬ್ಬರು ಹುಡುಗರಿಗೆ ಓದಿ ಹೇಳಿದೆ. ಸ್ಟೇರಿಂಗ್ ಮೇಲೇ ಇರುವ ಫೋನ್ ಗುಂಡಿ, ಬಾಯಲ್ಲಿ ಹೆಸರು ಹೇಳಿದರೆ ಕರೆ ಹೋಗುವ ಸೌಲಭ್ಯ, ಮುಂದೆ ಹಿಂದೆ ಚಾರ್ಜಿಂಗ್ ಪಾಯಿಂಟ್, ಎಲ್ಲವನ್ನೂ ಬಿಡಿಸಿ ಬರೆದಿದ್ದೀರಿ. ಅದರ ನಡುವೆ, ಕೈ ಎರಡೂ ಸ್ಟೇರಿಂಗ್ ಮೇಲೇ ಇರುವುದರಿಂದ ಮಾತಾಡುತ್ತ ಓಡಿಸಿದರೂ ಚಿಂತೆಯಿಲ್ಲ ಎಂಬ ಅರ್ಥದ ಒಂದು ಸಾಲಿತ್ತು. ಈ ಪತ್ರ ಆ ಒಂದು ಸಾಲಿಗಾಗಿ.

ನಾನು 24 ವರ್ಷದಿಂದ ಕಾರುಗಳ ವೈರಿಂಗ್ ಕೆಲಸ ಮಾಡುತ್ತ ಬಂದವನು. ಕಾರಿನ ಜೊತೆಗೇ ಬ್ಲೂಟೂತ್ ಬಾರದಿದ್ದ ಕಾಲದಲ್ಲಿ ಹ್ಯಾಂಡ್ಸ್‌ಫ್ರೀ ಕಿಟ್ ಬೇರೆ ತಂದು ಕೂರಿಸಬೇಕಿತ್ತು. ಸ್ಟೀರಿಯೊ ಹೊರಗೆಳೆದು, ಮೈಕಿನ ಸಣ್ಣ ವೈರನ್ನು ಮುಂಗಾಜಿನ ಪಕ್ಕದ ಪಟ್ಟಿಯೊಳಗೆ ತೂರಿಸಿ ಕನ್ನಡಿಯ ಹತ್ತಿರ ತರುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಒಂದೇ ಕೈಯಲ್ಲಿ ಗಾಡಿ ತಿರುಗಿಸುವವರನ್ನು ಬೇಕಾದಷ್ಟು ಕಂಡಿದ್ದ ನನಗೆ, ಒಂದೊಂದು ಕಿಟ್ ಕೂರಿಸಿದಾಗಲೂ ಒಬ್ಬರ ಜೀವ ಉಳಿಸಿದೆ ಅನ್ನಿಸುತ್ತಿತ್ತು. ಗಿರಾಕಿಗಳಿಗೂ ಹಾಗೇ ಹೇಳುತ್ತಿದ್ದೆ. "ಇನ್ನು ನಿಶ್ಚಿಂತೆಯಿಂದ ಮಾತಾಡಿ."

ಮಗಳ ಕಾರಿಗೂ ನಾನೇ ಕೂರಿಸಿದೆ. ಮೂರು ವರ್ಷದ ಹಿಂದೆ, ಮಳೆ ಹನಿಯುತ್ತಿದ್ದ ಒಂದು ಸಂಜೆ ಅವಳಿಗೆ ಕರೆ ಮಾಡಿದೆ. ಗಾಡಿ ಓಡಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ವೈಪರ್ ಗಾಜಿಗೆ ಉಜ್ಜುವ ಸದ್ದು ಕೇಳುತ್ತಿತ್ತಲ್ಲ! ಮೈಕ್ ಕೂರಿಸಿದವನೇ ನಾನು, ಅದು ಎಷ್ಟು ಚೆನ್ನಾಗಿ ಹಿಡಿಯುತ್ತದೆಂದು ನನಗಿಂತ ಬಲ್ಲವರಾರು? ಆದರೂ ಕೇಳಿದೆ: "ಅಮ್ಮನ ಹೊಸ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ? ಡಾಕ್ಟರು ಎರಡು ಬರೆದಿದ್ದರಲ್ಲ, ಬಿಳಿಯದು ಯಾವುದಕ್ಕೆ?" ಅವಳು "ಇರಪ್ಪ, ಬಿಳಿಯದು..." ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಆಮೇಲೆ ನನಗೆ ಕೇಳಿದ್ದು ತಗಡು ನುಗ್ಗಾದ ಸದ್ದು.

ಮುಂದೆ ನಿಂತಿದ್ದ ಕಾರಿಗೆ ಹಿಂದಿನಿಂದ ಹೊಡೆದಿದ್ದಳು. ಯಾರಿಗೂ ಗಾಯವಾಗಲಿಲ್ಲ. ಬಂಪರ್, ಒಂದು ಹೆಡ್‌ಲೈಟ್, ಏಸಿಯ ಕಂಡೆನ್ಸರ್ ಹೋದವು, ಅವನ್ನೆಲ್ಲ ನಾನೇ ಬಿಚ್ಚಿ ಹಾಕಿದೆ. ಆದರೆ ಆ ರಾತ್ರಿ ಅವಳು ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. "ಅಪ್ಪ, ನಾನು ಬೇರೆಲ್ಲೂ ನೋಡ್ತಿರಲಿಲ್ಲ. ಎದುರಿಗೇ ನೋಡ್ತಿದ್ದೆ. ಬ್ರೇಕ್ ಲೈಟ್ ಕೆಂಪಗೆ ಕಾಣ್ತಿತ್ತು. ಅದು ಬ್ರೇಕ್ ಲೈಟು ಅಂತ ತಲೆಗೆ ಹೋಗಲಿಲ್ಲ." ಅವಳ ಕೈ ಎರಡೂ ಸ್ಟೇರಿಂಗ್ ಮೇಲೇ ಇದ್ದವು.

ಹಾಗಾದರೆ ನಾನು ಇಷ್ಟು ವರ್ಷ ಕೂರಿಸಿದ್ದೇನು ಎಂಬ ಪ್ರಶ್ನೆ ಹೊಕ್ಕಮೇಲೆ ಮಗಳನ್ನೇ ಕೂರಿಸಿಕೊಂಡು ಒಂದಷ್ಟು ಓದಿಸಿ ಕೇಳಿದೆ. ಈ ಸಂಗತಿ ಹೊಸದೇನೂ ಅಲ್ಲವಂತೆ. ಕೆನಡಾದ ಟೊರಾಂಟೊದಲ್ಲಿ ರೆಡೆಲ್‌ಮಿಯರ್ ಮತ್ತು ಟಿಬ್ಶಿರಾನಿ ಎಂಬ ಇಬ್ಬರು, ಅಪಘಾತ ಮಾಡಿಕೊಂಡಿದ್ದ 699 ಚಾಲಕರ ಫೋನ್ ದಾಖಲೆಗಳನ್ನು ಒಂದೊಂದಾಗಿ ತಾಳೆ ನೋಡಿ 1997ರಲ್ಲೇ ಪ್ರಕಟಿಸಿದ್ದಾರೆ. ಫೋನಿನಲ್ಲಿ ಮಾತಾಡುವ ಹೊತ್ತಿನಲ್ಲಿ ಡಿಕ್ಕಿಯ ಅಪಾಯ ನಾಲ್ಕು ಪಟ್ಟಿನಷ್ಟಾಗುತ್ತದೆ. ಕೈಯಲ್ಲಿ ಹಿಡಿದು ಮಾತಾಡಿದವರಿಗಿಂತ ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡಿದವರು ಹೆಚ್ಚು ಸುರಕ್ಷಿತ ಎನ್ನಲು ಅವರಿಗೆ ಆಧಾರ ಸಿಗಲಿಲ್ಲ. ಅದನ್ನು ಕೇಳಿಸಿಕೊಂಡ ದಿನ ನನಗೆ ಕೆಲಸ ಮಾಡಲು ಮನಸ್ಸಾಗಲಿಲ್ಲ. 1997 ಎಂದರೆ ನಾನು ಸ್ಪ್ಯಾನರ್ ಹಿಡಿಯುವುದಕ್ಕೂ ಮೊದಲು.

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಗಿರಾಕಿಗಳು ಕೇಳುತ್ತಾರೆ. ನಾನೂ ಕೇಳಿದ್ದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಇದನ್ನೂ ಪರೀಕ್ಷಿಸಿ 2008ರಲ್ಲಿ ಬರೆದಿದ್ದಾರೆ. ಹೆದ್ದಾರಿಯಲ್ಲಿ ಇಂಥಲ್ಲಿ ಹೊರಳಿ ನಿಲ್ಲಿಸಬೇಕು ಎಂದು ಹೇಳಿ, ಪರದೆಯ ಮೇಲಿನ ರಸ್ತೆ ನೋಡಿ ಓಡಿಸುವ ಕೃತಕ ಕಾರಿನಲ್ಲಿ (ಸಿಮ್ಯುಲೇಟರ್) ಕೂರಿಸಿದರೆ, ಸ್ನೇಹಿತರನ್ನು ಪಕ್ಕದಲ್ಲಿಟ್ಟುಕೊಂಡು ಮಾತಾಡಿದವರಲ್ಲಿ ಹೆಚ್ಚಿನವರು ಸರಿಯಾದ ಜಾಗಕ್ಕೆ ಹೊರಳಿದರು. ಫೋನಿನಲ್ಲಿ ಮಾತಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ದಾರಿ ತಪ್ಪಿ ಮುಂದಕ್ಕೆ ಹೋದರು. ಪಕ್ಕದವರಿಗೂ ರಸ್ತೆ ಕಾಣುತ್ತದೆ. ಎದುರಿಗೆ ಲಾರಿ ನುಗ್ಗಿದರೆ ಅವರ ಬಾಯಿ ತಾನಾಗಿ ನಿಲ್ಲುತ್ತದೆ, "ಅಗೋ, ನೋಡ್ಕೊ" ಅನ್ನುತ್ತಾರೆ. ಆ ಸಂಜೆ ಮಗಳ ಪಕ್ಕದಲ್ಲಿ ನಾನೇ ಕೂತಿದ್ದರೆ ಬಿಳಿ ಮಾತ್ರೆಯ ಸುದ್ದಿ ಎತ್ತುತ್ತಿರಲಿಲ್ಲ. ಮನೆಯ ಕುರ್ಚಿಯಲ್ಲಿ ಕೂತವನಿಗೆ ಮಳೆಯಾಗಲಿ ರಸ್ತೆಯಾಗಲಿ ಎಲ್ಲಿ ಕಾಣಬೇಕು?

ಸುರಕ್ಷತೆಯ ಮಾತೆಲ್ಲ ಓಡಿಸುವವರಿಗೇ ಹೇಳುತ್ತೇವೆ. ಕರೆ ಮಾಡುವವರಿಗೆ ಯಾರೂ ಹೇಳುವುದಿಲ್ಲ. ಕರೆ ತೆಗೆದ ಕೂಡಲೇ ಮೊದಲ ಮಾತು "ಗಾಡಿ ಓಡಿಸ್ತಿದ್ದೀಯಾ?" ಎಂದಾಗಲಿ. ಹೌದು ಎಂದರೆ ಇಟ್ಟುಬಿಡಿ. ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ನೋಡಬೇಡಿ, ಓಡಿಸುವವರು ತಾವಾಗಿ ಇಡುವುದು ಕಷ್ಟ. ಆ ತುದಿಯಲ್ಲಿ ಯಜಮಾನರೋ ಅತ್ತೆಯೋ ಅಪ್ಪನೋ ಇದ್ದರೆ "ಆಮೇಲೆ ಮಾತಾಡ್ತೀನಿ" ಎನ್ನಲು ನಾಲಿಗೆ ಏಳುವುದಿಲ್ಲ.

ಬಾಯಿಮಾತಿನ ಆಜ್ಞೆಯ ಬಗ್ಗೆಯೂ ನಿಮ್ಮ ಲೇಖನ ಹೊಗಳಿತ್ತು. ಅದೇ ಯೂಟಾದವರು 2015ರಲ್ಲಿ ಕಂಡುಕೊಂಡ ಹಾಗೆ, ಕೆಲವು ವ್ಯವಸ್ಥೆಗಳಲ್ಲಿ ಆಜ್ಞೆ ಕೊಟ್ಟು ಮುಗಿದ ಮೇಲೂ 27 ಸೆಕೆಂಡಿನವರೆಗೆ ಮನಸ್ಸು ಪೂರ್ತಿ ರಸ್ತೆಗೆ ಮರಳಿರುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ಕಾರು 450 ಮೀಟರ್ ಹೋಗಿರುತ್ತದೆ. ನನ್ನ ಅನುಭವದಲ್ಲಿ ಇದು ಹದಗೆಡುವುದು ಸಣ್ಣ ಕಾರಣಗಳಿಗೆ. ಏಸಿಯ ಗಾಳಿ ನೇರ ಮೈಕಿನತ್ತ ಬೀಸುತ್ತಿದ್ದರೆ ಕಾರಿಗೆ ಮಾತು ಕೇಳುವುದಿಲ್ಲ. ಬೀಪ್ ಬರುವ ಮೊದಲೇ ಹೆಸರು ಹೇಳಿದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಒಂದೇ ಥರದ ಎರಡು ಹೆಸರಿದ್ದರೆ ಪರದೆಯ ಮೇಲೆ ಪಟ್ಟಿ ಬರುತ್ತದೆ, ಅದನ್ನು ಓದಲು ಕಣ್ಣು ಅಲ್ಲಿಗೆ ಹೋಗುತ್ತದೆ. ಎಷ್ಟೋ ಕಾರುಗಳಲ್ಲಿ ಸ್ಟೇರಿಂಗಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಕಾರಿನ ಸ್ವಂತ ವ್ಯವಸ್ಥೆ ಮಾತಾಡುತ್ತದೆ, ಒತ್ತಿ ಹಿಡಿದರೆ ಫೋನಿನದು. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ "ಇದು ಕೆಟ್ಟಿದೆ" ಎಂದು ನನ್ನ ಹತ್ತಿರ ಬರುವವರಿದ್ದಾರೆ. ಓಡುತ್ತಿರುವಾಗಲೇ ಅದರ ಜೊತೆ ಜಗಳವಾಡಿ, ಮೂರು ಸಲ ಹೆಸರು ಕೂಗಿ, ಸಿಟ್ಟಿನಲ್ಲಿ ಕೊನೆಗೆ ಫೋನನ್ನೇ ಕೈಗೆತ್ತಿಕೊಂಡೆ ಎಂದು ಅವರೇ ಹೇಳುತ್ತಾರೆ. ನಿಂತ ಕಾರಿನಲ್ಲಿ ಕಾಲು ಗಂಟೆ ಕೂತು ಅಭ್ಯಾಸ ಮಾಡಿ, ಹೆಸರುಗಳನ್ನು ಪೂರ್ತಿಯಾಗಿ ಬರೆದಿಟ್ಟುಕೊಂಡರೆ ಇದರ ಮುಕ್ಕಾಲು ತಾಪತ್ರಯ ಇರುವುದಿಲ್ಲ. (ಮಾತಿಗೆ ಬಂತು, ಹೇಳಿಬಿಡುತ್ತೇನೆ: ಕಾರು ಮಾರುವ ಮುನ್ನ ಅದರಲ್ಲಿ ಉಳಿದಿರುವ ನಿಮ್ಮ ಫೋನಿನ ಹೆಸರು, ನಂಬರುಗಳನ್ನು ಅಳಿಸಿ. ಹಳೆಯ ಮಾಲೀಕರ ಮನೆಮಂದಿಯ ನಂಬರೆಲ್ಲ ಹಾಗೇ ಇರುವ ಕಾರುಗಳು ನನ್ನ ಕೈಗೆ ಬಂದಿವೆ.)

ಇನ್ನು ಚಾರ್ಜಿಂಗ್ ಪಾಯಿಂಟ್. ಇದರಲ್ಲೇನು ಅಪಾಯ ಎನ್ನಬಹುದು. ನನ್ನ ಹತ್ತಿರ ಬರುವ ದೂರುಗಳಲ್ಲಿ ಹೆಚ್ಚಿನದು ಒಂದೇ: "ಚಾರ್ಜ್ ಏರುತ್ತಿಲ್ಲ, ಸಾಕೆಟ್ ಲೂಸ್ ಇರಬೇಕು." ಬಹಳ ಸಲ ಸಾಕೆಟ್ ಸರಿಯಾಗಿಯೇ ಇರುತ್ತದೆ. ಸ್ಟೀರಿಯೊಗೆ ಹಾಡು ಕಳಿಸಲೆಂದು ಕೊಟ್ಟ ಯುಎಸ್‌ಬಿ ಪಾಯಿಂಟಿನಲ್ಲಿ, ಅದರಲ್ಲೂ ಹಳೆಯ ಕಾರುಗಳಲ್ಲಿ, ಬರುವುದು ಅರ್ಧ ಆಂಪಿಯರ್, ಎಂದರೆ ಎರಡೂವರೆ ವಾಟ್. ಪರದೆ ಬೆಳಗಿಸಿಕೊಂಡು ಮ್ಯಾಪ್ ತೋರಿಸುವ ಫೋನು ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಹಾಗಾಗಿ ಕೇಬಲ್ ಹಾಕಿದ್ದರೂ ಚಾರ್ಜ್ ಇಳಿಯುತ್ತಲೇ ಹೋಗುತ್ತದೆ. ಓಡಿಸುವವರು ಕೇಬಲ್ ಸಡಿಲವಾಗಿದೆ ಎಂದುಕೊಂಡು ಬಗ್ಗಿ ಬಗ್ಗಿ ಅದನ್ನು ಅಲ್ಲಾಡಿಸುತ್ತಾರೆ. ಅವರು ತಲೆ ಬಗ್ಗಿಸಿದ ಹೊತ್ತು ಕಾರು ನಿಂತಿರುವುದಿಲ್ಲವಲ್ಲ. ಲೈಟರ್ ಸಾಕೆಟ್ಟಿಗೆ ಹಾಕುವ ಒಂದು ಒಳ್ಳೆಯ ಚಾರ್ಜರ್ ತಂದರೆ ಈ ತೊಂದರೆಯೇ ಇಲ್ಲ. ಕೇಬಲ್ ಗಿಡ್ಡದಾಗಿರಲಿ. ಗೇರಿಗೆ ಸುತ್ತಿಕೊಂಡು ಪೆಡಲ್ ತನಕ ಇಳಿಬಿದ್ದ ಕೇಬಲನ್ನು ಕಂಡರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಆ ಲೈಟರ್ ಸಾಕೆಟ್ 12 ವೋಲ್ಟಿನದು. ಅದರ ಫ್ಯೂಸ್ ಸಾಮಾನ್ಯವಾಗಿ 10ರಿಂದ 20 ಆಂಪಿಯರ್ ಇರುತ್ತದೆ. 10 ಆಂಪಿಯರ್ ಫ್ಯೂಸಾದರೆ 120 ವಾಟಿಗಿಂತ ಹೆಚ್ಚು ಎಳೆಯಬಾರದು. ಒಂದೇ ಸಾಕೆಟ್ಟಿಗೆ ಕವಲು ಹಾಕಿ ಗಾಳಿ ತುಂಬುವ ಪಂಪನ್ನೂ ಲ್ಯಾಪ್‌ಟಾಪಿನ ಇನ್ವರ್ಟರನ್ನೂ ಒಟ್ಟಿಗೆ ಓಡಿಸಿದರೆ ಫ್ಯೂಸ್ ಹೋಗುವುದೇ. ಹೋದರೆ ಒಳ್ಳೆಯದೇ ಆಯಿತೆನ್ನಿ, ಫ್ಯೂಸ್ ಇರುವುದು ಡ್ಯಾಶ್‌ಬೋರ್ಡಿನೊಳಗಿನ ವೈರನ್ನು ಕಾಯಲಿಕ್ಕೆ. ಅದರ ಜಾಗಕ್ಕೆ ದೊಡ್ಡದೊಂದನ್ನು ತುರುಕಿದರೆ ಕರಗುವ ಸರದಿ ವೈರಿನದು. ಎಷ್ಟೇ ಅವಸರವಿದ್ದರೂ ಹಾಗೆ ಮಾಡಬೇಡಿ, ಕೈ ಮುಗಿದು ಕೇಳುತ್ತೇನೆ. ಮುಚ್ಚಳವಿಲ್ಲದ ಸಾಕೆಟ್ಟಿನೊಳಗೆ ನಾಣ್ಯ ಬಿದ್ದು ಶಾರ್ಟ್ ಆಗುವುದೂ ಉಂಟು. ಕೀ ತೆಗೆದ ಮೇಲೂ ನಿಮ್ಮ ಸಾಕೆಟ್ಟಿನಲ್ಲಿ ಕರೆಂಟ್ ಇರುತ್ತದೆಯೇ ಎಂದು ಒಮ್ಮೆ ನೋಡಿಟ್ಟುಕೊಳ್ಳಿ. ಇರುವುದಾದರೆ, ರಾತ್ರಿಯಿಡೀ ಅದಕ್ಕೆ ಏನಾದರೂ ಸಿಕ್ಕಿಸಿ ಬಿಟ್ಟರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದೆ ಇರಬಹುದು.

ಈಗಲೂ ಕಾರಿಗೆ ಹ್ಯಾಂಡ್ಸ್‌ಫ್ರೀ ಬೇಕೆಂದು ಬಂದವರಿಗೆ ಇಲ್ಲ ಅನ್ನುವುದಿಲ್ಲ. ಕೈಯಲ್ಲಿ ಫೋನ್ ಹಿಡಿದು ನಂಬರ್ ಹುಡುಕುವುದಕ್ಕಿಂತ ಅದು ಮೇಲು. "ಎಲ್ಲಿದ್ದೀಯ", "ಹತ್ತು ನಿಮಿಷದಲ್ಲಿ ಬರ್ತೀನಿ" ಅನ್ನುವಷ್ಟಕ್ಕೆ ಅದು ಇರಲಿ. ಕಾರು ಒಪ್ಪಿಸುವಾಗ ಮಾತ್ರ ಮಾಲೀಕರನ್ನು ಚಾಲಕರ ಸೀಟಿನಲ್ಲಿ ಕೂರಿಸಿ, ಎಂಜಿನ್ ಆಫ್ ಇರುವಾಗಲೇ ಫೋನ್ ಜೋಡಿಸಿ, ಮನೆಗೆ ಒಂದು ಕರೆ ಮಾಡಿಸುತ್ತೇನೆ. ಫೋನ್ ತೆಗೆದ ಹೆಂಡತಿಯ ಹತ್ತಿರವೋ ಮಗನ ಹತ್ತಿರವೋ, ಆ ಮೈಕಿನಲ್ಲೇ ನಾನೂ ಎರಡು ಮಾತಾಡುತ್ತೇನೆ: ಇವರು ಓಡಿಸುವಾಗ ದಯವಿಟ್ಟು ದೊಡ್ಡ ವಿಷಯ ಎತ್ತಬೇಡಿ. ಕೆಲವರಿಗೆ ವಿಚಿತ್ರವೆನ್ನಿಸುತ್ತದೆ. ಮಗಳ ಸಂಗತಿ ಹೇಳಿದ ಮೇಲೆ ಸುಮ್ಮನೆ ಕೇಳಿಸಿಕೊಳ್ಳುತ್ತಾರೆ.

ನಿಮ್ಮ ಪತ್ರಿಕೆಯನ್ನು ಓದುವವರಲ್ಲಿ ಕಾರು ಇಲ್ಲದವರೇ ಹೆಚ್ಚಿರಬಹುದು. ಅವರು ವಾಹನ ಪುಟವನ್ನು ಮಗುಚಿ ಮುಂದೆ ಹೋಗುತ್ತಾರೆ. ಆದರೆ ಕಾರು ಓಡಿಸುವ ಯಾರಿಗಾದರೂ ಅವರೂ ದಿನಾ ಕರೆ ಮಾಡುತ್ತಾರೆ. ಅದಕ್ಕೆ ಈ ಪತ್ರವನ್ನು ವಾಹನ ಪುಟದಲ್ಲಿ ಹಾಕದೆ, ಎಲ್ಲರ ಕಣ್ಣಿಗೂ ಬೀಳುವ ಕಡೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಮಗಳು ಈಗ ತನ್ನ ಫೋನಿನಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾಳೆ. ಕಾರು ಹೊರಟರೆ ಅದು ತಾನಾಗಿ ಮೌನವಾಗುತ್ತದೆ, ಸಂದೇಶ ಕಳಿಸಿದವರಿಗೆ ತಾನೇ ಉತ್ತರ ಕೊಡುತ್ತದೆ. ಅವಳಿಗೆ ಏನಾದರೂ ಹೇಳಬೇಕಿದ್ದರೆ ನಾನು ಮೊದಲು ಒಂದು ಸಂದೇಶ ಹಾಕುತ್ತೇನೆ. ನಿನ್ನೆ ಹಾಕಿದಾಗ "ಗಾಡಿ ಓಡಿಸ್ತಿದ್ದೀನಿ, ತಲುಪಿದ ಮೇಲೆ ಮಾತಾಡ್ತೀನಿ" ಎಂದು ಬಂತು. ಫೋನ್ ಬದಿಗಿಟ್ಟು ಕೆಲಸಕ್ಕೆ ಹೋದೆ. ಮುಕ್ಕಾಲು ಗಂಟೆಯ ಮೇಲೆ ಅವಳೇ ಮಾಡಿದಳು.

ಇಂತಿ ನಿಮ್ಮ ಓದುಗ,
ಒಬ್ಬ ಕಾರ್ ಎಲೆಕ್ಟ್ರಿಷಿಯನ್