ಹನ್ನೊಂದನೇ ನಿಮಿಷ

ಗದಗ-ಬೆಟಗೇರಿ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಪಾಡ್ಯದ ರಾತ್ರಿ ನೀನು ಉಣ್ಣದೇ ಹೋದೆ. ಅವತ್ತು ಯಾರು ಏನಂದರು ಅನ್ನುವುದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ಬಾಗಿಲಲ್ಲಿ ನಿಂತು "ನನ್ನ ಮಗನ ಮ್ಯಾಲೂ ಕೈ ಎತ್ತಬ್ಯಾಡ್ರಿ ಅಪ್ಪಾ" ಅಂದೆಯಲ್ಲ, ಆ "ಮ್ಯಾಲೂ" ಅನ್ನುವುದೊಂದು ನನ್ನನ್ನು ಮಲಗಗೊಡಲಿಲ್ಲ. ಸಣ್ಣಾತ ಮಾಡಿದ್ದಾದರೂ ಏನು? ಅಟ್ಟದಿಂದ ಇಳಿಸಿಟ್ಟ ಮುತ್ಯಾನ ಟೇಪ್ ರೆಕಾರ್ಡರಿನ ಸ್ಪೂಲನ್ನು ಬೆರಳಿನಿಂದ ತಿರುಗಿಸಿದ, ಅಷ್ಟೇ.

ನೀನು ಹೋದ ಮೂರನೇ ದಿನ ಅದನ್ನು ಬಿಚ್ಚಲು ಕೂತೆ. ಆ ಗ್ರುಂಡಿಗ್ ಕಂಪನಿಯ ಮಷೀನು 1994ರಿಂದ ಕರೆಂಟು ಕಂಡಿರಲಿಲ್ಲ. ಧಾರವಾಡ ಆಕಾಶವಾಣಿಯಿಂದ ನಿವೃತ್ತರಾದ ಎಂಜಿನಿಯರರೊಬ್ಬರು ಫೋನಿನಲ್ಲಿ ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಪುಲ್ಲಿಗಳಿಂದ ಅದನ್ನು ಸ್ಪಿರಿಟ್ಟು ಹಚ್ಚಿ ಕೆರೆದು ತೆಗೆಯಲು ಎರಡು ದಿನ ಬೇಕಾಯಿತು. ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿಲ್ಲ, ನಿನ್ನವ್ವ ರೊಟ್ಟಿಯನ್ನು ಕೈಗೆ ಕೊಡದೇ ತಾಟಿಗೆ ಹಾಕುತ್ತಾಳೆ. ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಕಲ್ಲಿನಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು, ಅದನ್ನು ಸಣ್ಣ ಪಾಲಿಶ್ ಪೇಪರಿನಿಂದ ಉಜ್ಜಿದೆ. ಟೇಪಿನ ಸದ್ದು ಓದುವ ಹೆಡ್ಡಿನ ಮೇಲೆ ಕೂತಿದ್ದ ಕಂದು ಪುಡಿ ಹತ್ತಿಗೆ ಬಂತು. ಹುಬ್ಬಳ್ಳಿಗೆ ಹೋಗಿ ಕಂಡೆನ್ಸರ್ ತಂದೆ.

ಇಷ್ಟಾದರೂ ನೇರವಾಗಿ ಪ್ಲಗ್ ಹಾಕಲಿಲ್ಲ. ಅಷ್ಟು ವರ್ಷ ಸುಮ್ಮನಿದ್ದ ಮಷೀನಿಗೆ ಒಮ್ಮೆಲೇ 230 ವೋಲ್ಟ್ ಬಿಟ್ಟರೆ ಕಂಡೆನ್ಸರ್ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ಅದಕ್ಕೇ ನಡುವೆ 60 ವ್ಯಾಟಿನ ಬಲ್ಬ್ ಸೀರೀಸ್‌ನಲ್ಲಿ ಹಾಕಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರಾ ಉರಿಯುತ್ತದೆ, ಮಷೀನು ಉಳಿಯುತ್ತದೆ. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಸ್ವಲ್ಪ ಹೊತ್ತಿಗೆ ಮುಂದಿನ ಹಸಿರು ಕಣ್ಣು, ಸದ್ದಿನ ಮಟ್ಟ ತೋರಿಸುವ ದೀಪ, ನಿಧಾನಕ್ಕೆ ತೆರೆಯಿತು. ನಿನ್ನವ್ವ ಕೈ ಮುಗಿದಳು.

ಯಾವ ರೀಲು ಹಾಕಿದೆ ಅಂತ ನಿನಗೆ ಗೊತ್ತಾಗಿರಬೇಕು.

5 ಇಂಚಿನ ರೀಲು, 600 ಅಡಿ ಟೇಪು. ಸೆಕೆಂಡಿಗೆ 9.5 ಸೆಂಟಿಮೀಟರಿನಂತೆ ಓಡಿದರೆ ಒಂದು ಬದಿಗೆ ಸುಮಾರು 32 ನಿಮಿಷ. ಒಂದು ಬದಿಗೆ ಮುತ್ಯಾ ರೇಡಿಯೋದ ಮುಂದೆ ಮೈಕ್ ಇಟ್ಟು ಧಾರವಾಡ ನಿಲಯದಿಂದ ಹಿಡಿದ ಮಲ್ಲಿಕಾರ್ಜುನ ಮನ್ಸೂರರು. ಇನ್ನೊಂದು ಬದಿಗೆ 1976ರಲ್ಲಿ ಪಡಸಾಲೆಯಲ್ಲಿ ಕೂತು ಜೋಳ ಬೀಸುತ್ತಾ ಹಾಡಿದ ನಿನ್ನ ಆಯಿ. ಕಲ್ಲಿನ ಗರಗರ, ಬಳೆ, ಆಚೆ ಮನೆಯ ಮಗ್ಗದ ಲಟಕ್ ಲಟಕ್, ಎಲ್ಲಾ ಇದೆ. ಹತ್ತು ನಿಮಿಷ ದಾಟಿ ಒಂದು ಸಾಲಿನ ನಡುವೆ ಆಯಿಯ ದನಿ ಕಡಿಯುತ್ತದೆ. ಆಮೇಲೆ ಬರೀ ಗುಂಯ್ ಅನ್ನುವ ಸದ್ದು.

ಆಯಿಯ ವರ್ಷದ ಪುಣ್ಯತಿಥಿಯ ದಿನ, ಮಂದಿಯೆಲ್ಲ ಕೂತಿದ್ದಾಗ, ಅಲ್ಲೇ ಕಡಿಯಿತು. ನೀನು ಮಷೀನಿನ ಪಕ್ಕ ನಿಂತಿದ್ದೆ. ಎಂಟು ವರ್ಷ ನಿನಗೆ, ಹಸಿರು ಪರಕಾರ. ನಾನು ಮಷೀನು ಬಂದ್ ಮಾಡಿದೆ, ತಿರುಗಿ ನಿನ್ನ ಕಪಾಳಕ್ಕೆ ಹೊಡೆದೆ. "ನಾ ಅಲ್ರಿ ಅಪ್ಪಾ" ಅಂತ ಒಂದೇ ಸಲ ಅಂದೆ.

ಈ ಸಲ ಬಂದ್ ಮಾಡಲಿಲ್ಲ, ಓಡಲು ಬಿಟ್ಟೆ. ಅರ್ಧ ನಿಮಿಷ ಗುಂಯ್. ಆಮೇಲೆ ಕಟ್ ಅಂತ ಸದ್ದು. ಆಮೇಲೆ ಗಂಡಸಿನ ದನಿ: "ಹಲೋ. ಹಲೋ. ಒಂದು, ಎರಡು, ಮೂರು. ಬರಾಕತ್ತೇತೇನು ನೋಡು." ದೂರದಿಂದ ನಿನ್ನವ್ವ: "ರಾತ್ರಿ ಆತು, ಮಲಗ್ರಿ."

ಆ ದನಿ ನನ್ನದು, ಮಗಳೇ.

ಆ ಪುಣ್ಯತಿಥಿಯ ಹಿಂದಿನ ರಾತ್ರಿ ಮೈಕಿನ ತಂತಿ ಬೆಸೆದು ಪರೀಕ್ಷೆ ಮಾಡಿದ್ದೆ. ಮನ್ಸೂರರ ಬದಿಯ ಕೊನೆಯಲ್ಲಿ ಖಾಲಿ ಜಾಗವಿದೆ, ರೀಲು ಮಗುಚಿ ಹಾಕಿದ್ದೇನೆ ಅಂತ ನಂಬಿದ್ದೆ, ಹಾಕಿರಲಿಲ್ಲ. ರೆಕಾರ್ಡ್ ಗುಂಡಿ ಒತ್ತಿದರೆ ಟೇಪು ಮೊದಲು ಅಳಿಸುವ ಹೆಡ್ಡನ್ನು ದಾಟಿಯೇ ಬರೆಯುವ ಹೆಡ್ಡಿಗೆ ಬರುತ್ತದೆ. ಹಳೆಯದು ಹೋದ ಜಾಗದಲ್ಲೇ, ಆಗ ಆ ಕೋಣೆಯಲ್ಲಿ ಯಾರಿದ್ದರೋ ಅವರ ಸದ್ದು ಕೂರುತ್ತದೆ. ಪುಣ್ಯತಿಥಿಯ ದಿನ ಇನ್ನು ಅರ್ಧ ನಿಮಿಷ ತಡೆದಿದ್ದರೆ ಅಷ್ಟೂ ಮಂದಿಯ ಎದುರು ನನ್ನ ದನಿಯೇ ಬರುತ್ತಿತ್ತು. ಅರ್ಧ ನಿಮಿಷ. ಇದನ್ನೇ ಎಣಿಸುತ್ತಾ ಈ ವಾರವೆಲ್ಲ ಕಳೆದಿದ್ದೇನೆ. ಪ್ರತಿ ವರ್ಷ ಬೀಗರ ಮುಂದೆ, ನಿನ್ನ ಮದುವೆಯ ಚಪ್ಪರದಲ್ಲೂ, "ಇಕಿ ನಮ್ಮವ್ವನ ಹಾಡು ಅಳಿಸ್ಯಾಳ" ಅಂತ ಹೇಳಿ ನಗಿಸಿದ್ದೇನೆ. ನೀನೂ ನಗುತ್ತಿದ್ದೆ.

ಇನ್ನೊಂದು ಕೇಳಬೇಕು. ಅದಕ್ಕೂ ಮೊದಲು ನೀನು ನನ್ನ ಟಾರ್ಚು, ಅಲಾರಾಂ ಗಡಿಯಾರ ಎಲ್ಲಾ ಬಿಚ್ಚಿ ಹರವುತ್ತಿದ್ದೆ, ತಿರುಗಿ ಜೋಡಿಸುತ್ತಲೂ ಇದ್ದೆ. ಆ ದಿನದ ನಂತರ ನಿನ್ನ ಕೈಯಲ್ಲಿ ಸ್ಕ್ರೂಡ್ರೈವರ್ ನೋಡಿದ ನೆನಪಿಲ್ಲ. ಪಿಯುಸಿಗೆ ಕಾಮರ್ಸ್ ತಗೊಂಡೆ. ಇವತ್ತು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದೀ, ನಿನ್ನ ಸಹಿ ಇಲ್ಲದೇ ಒಂದು ಸಾಲ ಪಾಸಾಗುವುದಿಲ್ಲ, ಅದನ್ನು ಈ ಓಣಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಆದರೆ ಆ ಹುಡುಗಿ ಎಲ್ಲಿ ಹೋದಳು ಅಂತ ಈಗ ಕೇಳಿಕೊಳ್ಳುತ್ತೇನೆ. ನನ್ನ ಕೈಯೇ ಅವಳನ್ನು ತಡೆಯಿತೋ, ಅವಳಾಗಿ ಬೇರೆ ದಾರಿ ಹಿಡಿದಳೋ? ನನಗೆ ಕೇಳುವ ಧೈರ್ಯ ಆಗಿರಲಿಲ್ಲ, ಈಗ ಬರೆದು ಕೇಳುತ್ತಿದ್ದೇನೆ.

ನನ್ನ ಮಾತು ಕೇಳು. ಸಣ್ಣಾತನಿಗೆ ಸಾಮಾನು ಬಿಚ್ಚಲು ಬಿಡು. ಕರೆಂಟಿಗೆ ಹಚ್ಚಿದ್ದನ್ನು ಮುಟ್ಟಬಾರದು ಅಂತ ಮೊದಲೇ ಕಲಿಸು, ಕಿತ್ತಿದ ಸ್ಕ್ರೂ ಬಟ್ಟಲಲ್ಲಿ ಹಾಕಿಡುವುದನ್ನು ಕಲಿಸು. ಏನಾದರೂ ಕೆಟ್ಟರೆ ಮೊದಲು ಅವನನ್ನು ಕೇಳು, ಅವನು ಹೇಳಿದ್ದನ್ನು ಪೂರಾ ಕೇಳು. ಮತ್ತೆ ನೀನು ಮಧ್ಯಾಹ್ನದ ಊಟ ಬಿಡುವುದು ಒಳ್ಳೆಯದಲ್ಲ, ಸಿಟ್ಟಿನಲ್ಲಿ ರಾತ್ರಿ ಬಸ್ಸಿಗೆ ಮಗುವನ್ನು ಕರೆದುಕೊಂಡು ಹೊರಡುವುದೂ ಒಳ್ಳೆಯದಲ್ಲ, ಅಳಿಯಂದಿರಿಗಾದರೂ ಫೋನ್ ಮಾಡಿ ಹೊರಡಬೇಕಿತ್ತು. ತಪ್ಪು ಒಪ್ಪಿಕೊಳ್ಳಲು ಕೂತು ಬುದ್ಧಿ ಹೇಳುತ್ತಿದ್ದೇನೆ. ನನ್ನದು ತಪ್ಪಾಯಿತು. ಆವತ್ತಿನದೂ, ಪಾಡ್ಯದ ರಾತ್ರಿಯದೂ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಟೇಪು ಇನ್ನು ಹೆಚ್ಚು ಸಲ ಓಡಿಸುವಂತಿಲ್ಲ. ಬೆಳಕಿಗೆ ಹಿಡಿದರೆ ಆರಪಾರ ಕಾಣುವ ಹಳೇ ಅಸಿಟೇಟ್ ಟೇಪು, ಒಣಗಿ ಪೆಡಸಾಗಿದೆ, ಪೆಟ್ಟಿಗೆ ತೆರೆದರೆ ಸಣ್ಣಗೆ ವಿನಿಗರ್ ವಾಸನೆ. ಎರಡು ಕಡೆ ತುಂಡಾಯಿತು, ಅದಕ್ಕೆಂದೇ ಬರುವ ಪಟ್ಟಿಯಿಂದ ಜೋಡಿಸಿದೆ. ಸೆಲ್ಲೋಟೇಪ್ ಹಚ್ಚಿದರೆ ಅಂಟು ಸೋರಿ ಪಕ್ಕದ ಸುತ್ತಿಗೂ ಹಿಡಿಯುತ್ತದಂತೆ. ಎರಡೂ ಬದಿ ಲ್ಯಾಪ್‌ಟಾಪಿಗೆ ಇಳಿಸಿ ಪೆನ್ ಡ್ರೈವಿನಲ್ಲಿ ಹಾಕಿದ್ದೇನೆ. ನನ್ನ ದನಿ ಇರುವ ನಾಲ್ಕು ನಿಮಿಷ ತೆಗೆಯಲಿಲ್ಲ. ಮುಂದಿನ ತಿಥಿಗೆ ಎಲ್ಲರನ್ನೂ ಕೂರಿಸಿ, ಅದನ್ನು ಕೇಳಿಸಿ, ನಾನೇ ಹೇಳುತ್ತೇನೆ. ನೀನು ಬಂದರೂ ಸರಿ, ಬರದಿದ್ದರೂ ಹೇಳುತ್ತೇನೆ.

ನಿನ್ನವ್ವ ಶೇಂಗಾ ಚಟ್ನಿ ಕಳಿಸಿದ್ದಾಳೆ, ಪೆನ್ ಡ್ರೈವು ಅದೇ ಡಬ್ಬಿಯ ಮೇಲಿನ ಚೀಲದಲ್ಲಿದೆ, ಎಣ್ಣೆ ತಾಗದಂತೆ ತೆಗೆ. ಸಣ್ಣಾತನಿಗೆ ಹೇಳು: ರೆಕಾರ್ಡ್ ಗುಂಡಿಯ ಮೇಲೆ ಪಟ್ಟಿ ಹಚ್ಚಿದ್ದೇನೆ. ಅದೊಂದು ಬಿಟ್ಟು ಉಳಿದದ್ದೆಲ್ಲ ಅವನು ಮುಟ್ಟಬಹುದು, ಖಾಲಿ ಸ್ಪೂಲು ಎರಡು ಅವನಿಗಂತಲೇ ಎತ್ತಿಟ್ಟಿದ್ದೇನೆ.

ನಿನ್ನ
ಅಪ್ಪ