ಉಪ್ಪನ್ನೂ ಮೀನನ್ನೂ ಒಂದೇ ದಿನ ಮಾರಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಮಕ್ಕಳ ಸಂಭ್ರಮ ನೋಡಬೇಕು. ಈಚೆಗೆ ಅವರಲ್ಲಿ ಹಲವರು ಬೆರಳು ತೋರಿಸುವುದು ಗಪ್ಪಿ, ಗೋಲ್ಡ್‌ಫಿಶ್‌ಗಳತ್ತ ಅಲ್ಲ. ಕಿತ್ತಳೆ ಮೈಗೆ ಬಿಳಿ ಪಟ್ಟೆಯಿರುವ ಕ್ಲೌನ್‌ಫಿಶ್ ಎಂಬ ಸಮುದ್ರದ ಮೀನಿನತ್ತ. ಮನೆಯಲ್ಲಿ ಹೇಗೂ ಒಂದು ಅಕ್ವೇರಿಯಂ ಇದೆ, ಅದಕ್ಕೇ ಉಪ್ಪುನೀರು ತುಂಬಿದರಾಯಿತು ಎಂದು ಹೆತ್ತವರು ಎಣಿಸುತ್ತಾರೆ. ಆ ಎಣಿಕೆಯಲ್ಲಿ ತಪ್ಪಿಲ್ಲ. ಸಿಹಿನೀರಿನ ತೊಟ್ಟಿಯನ್ನು ಕೆಲವೇ ಮೀನುಗಳಿರುವ ಸರಳವಾದ ಉಪ್ಪುನೀರಿನ ತೊಟ್ಟಿಯನ್ನಾಗಿ ಮಾಡಿಕೊಳ್ಳಬಹುದು. ಆದರೆ ಉಪ್ಪಿನ ಪೊಟ್ಟಣವನ್ನೂ ಮೀನನ್ನೂ ಒಂದೇ ದಿನ ಗಿರಾಕಿಯ ಕೈಗಿಡುವ ವ್ಯಾಪಾರ ಕ್ರಮದ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ.

ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ನೂರು ಲೀಟರಿನ ತೊಟ್ಟಿಗೆ ಉಪ್ಪು ಮತ್ತು ಎರಡು ಕ್ಲೌನ್‌ಫಿಶ್‌ಗಳನ್ನು ಒಟ್ಟಿಗೆ ತಂದೆ. ರಾತ್ರಿಯಿಡೀ ಫಿಲ್ಟರ್ ಓಡಿಸಿ ಬೆಳಿಗ್ಗೆ ಮೀನು ಬಿಡಿ ಎಂದಷ್ಟೇ ಅಂಗಡಿಯವರು ಹೇಳಿದ್ದರು. ಆರನೆಯ ದಿನ ಎರಡೂ ಮೀನುಗಳು ನೀರಿನ ಮೇಲ್ಮಟ್ಟಕ್ಕೆ ಬಂದು ಏದುಸಿರು ಬಿಡತೊಡಗಿದವು. ಎಂಟನೆಯ ದಿನ ಒಂದೂ ಉಳಿಯಲಿಲ್ಲ. ನೀರು ಮಾತ್ರ ಕಡೆಯವರೆಗೂ ತಿಳಿಯಾಗಿಯೇ ಇತ್ತು. ಅನಂತರ ಟೆಸ್ಟ್ ಕಿಟ್ ತಂದು ಪರೀಕ್ಷಿಸಿದಾಗ ಅದರ ತುಂಬ ಅಮೋನಿಯಾ ಇರುವುದು ಗೊತ್ತಾಯಿತು.

ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಹಳೆಯ ತೊಟ್ಟಿಯಲ್ಲಿ ಫಿಲ್ಟರಿನ ಸ್ಪಾಂಜ್ ಮತ್ತು ಕಲ್ಲುಗಳ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಒಮ್ಮೆಲೇ ಉಪ್ಪು ಏರಿಸಿದಾಗ ಸಿಹಿನೀರಿಗೆ ಒಗ್ಗಿದ್ದ ಈ ಜೀವಿಗಳು ಕೆಲಸ ನಿಲ್ಲಿಸುತ್ತವೆ, ಬಹುಪಾಲು ಸಾಯುತ್ತವೆ. ಉಪ್ಪುನೀರಿಗೆ ಹೊಂದುವ ಹೊಸ ಸಂತತಿ ಬೆಳೆದು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಜೊತೆಗೆ ಸಮುದ್ರದ ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) 8.1ರಿಂದ 8.4ರ ಆಸುಪಾಸಿನಲ್ಲಿರುವುದರಿಂದ, ಸಿಹಿನೀರಿನಲ್ಲಿ ಗಪ್ಪಿಗಳು ಹೇಗೋ ತಾಳಿಕೊಳ್ಳುತ್ತಿದ್ದಷ್ಟೇ ಅಮೋನಿಯಾ ಇಲ್ಲಿ ಹೆಚ್ಚು ವಿಷಕಾರಿಯಾಗುತ್ತದೆ. ಆದ್ದರಿಂದ ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕಿ ಫಿಲ್ಟರ್ ಓಡಿಸುತ್ತ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಈ ಅವಧಿಯನ್ನು ದಾಟಿಸಲೆಂದೇ ಅಗ್ಗದ ಡ್ಯಾಮ್ಸೆಲ್ ಮೀನುಗಳನ್ನು ಬಿಡುವ ರೂಢಿಯೂ ಇದೆ. ಅದು ಕ್ರೌರ್ಯವೆಂದೇ ನಾನು ತಿಳಿಯುತ್ತೇನೆ.

ಉಪ್ಪಿನ ವಿಷಯದಲ್ಲಿಯೂ ಗೊಂದಲ ಬಹಳ. ಸಿಹಿನೀರಿನ ಮೀನಿಗೆ ರೋಗ ಬಂದಾಗ ಕಲ್ಲುಪ್ಪು ಹಾಕಿ ರೂಢಿಯಾದವರು, ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ತೆಗೆಯುವ ಉಪ್ಪೂ ಸಮುದ್ರದ್ದೇ ತಾನೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಉಪ್ಪಿನಗದ್ದೆಯಲ್ಲಿ ನೀರು ಆವಿಯಾಗುವಾಗ ಕ್ಯಾಲ್ಸಿಯಂ ಲವಣಗಳು ಮೊದಲೇ ತಳ ಸೇರುತ್ತವೆ, ಮೆಗ್ನೀಸಿಯಂ ಲವಣಗಳು ಕೊನೆಯಲ್ಲಿ ಉಳಿಯುವ ಕಹಿನೀರಿನಲ್ಲೇ ಇರುತ್ತವೆ. ನಮ್ಮ ಕೈಗೆ ಬರುವುದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ಮೀನಿಗೆ ಇವೆಲ್ಲವೂ ಸೇರಿದ ಕೃತಕ ಸಮುದ್ರದುಪ್ಪೇ ಬೇಕು. ಲೀಟರಿಗೆ ಸುಮಾರು 35 ಗ್ರಾಂ ಎಂದರೆ ನೂರು ಲೀಟರಿಗೆ ಮೂರೂವರೆ ಕಿಲೋ. ಬಕೆಟ್ಟಿಗೆ ಮೊದಲು ಆರ್‌ಒ ನೀರು ತುಂಬಿ, ಆಮೇಲೆ ಉಪ್ಪು ಬೆರೆಸಿ, ಒಂದು ದಿನ ಸಣ್ಣ ಪಂಪಿನಿಂದ ಕಲಕುತ್ತಿರಬೇಕು. ಮೀನು ಮಾತ್ರ ಇರುವ ತೊಟ್ಟಿಗೆ, ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.020ರಿಂದ 1.025 ತೋರಿಸಿದರೆ ಸಾಕು. ಕರಾವಳಿಯವರು ದಡದ ನೀರನ್ನೇ ಕ್ಯಾನ್‌ಗಳಲ್ಲಿ ತುಂಬಿ ತರುವುದುಂಟು. ಅಳಿವೆಯ ಹತ್ತಿರ, ಅದರಲ್ಲೂ ಮಳೆಗಾಲದಲ್ಲಿ, ನದಿ ನೀರು ಬೆರೆತು ಅದರ ಲವಣಾಂಶ ಇಳಿದಿರುತ್ತದೆ ಎಂಬುದನ್ನು ಅವರು ಗಮನಿಸಬೇಕು. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಅಲ್ಲೇ ಉಳಿಯುವುದರಿಂದ, ಕಡಿಮೆಯಾದಷ್ಟಕ್ಕೆ ಉಪ್ಪಿಲ್ಲದ ನೀರನ್ನೇ ಸೇರಿಸಬೇಕು.

ಹಳೆಯ ಗಾಜಿನ ತೊಟ್ಟಿ, ಹೀಟರ್, ಫಿಲ್ಟರ್ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಲೋಹದ ಮುಚ್ಚಳ ಮಾತ್ರ ತುಕ್ಕು ಹಿಡಿಯುತ್ತದೆ. ಹಳೆಯ ಮೀನುಗಳಿಗೆ ಮೊದಲೇ ಬೇರೆ ಮನೆ ಹುಡುಕಬೇಕು. ಅವನ್ನು ಕೆರೆಗೆ ಬಿಡುವ ಅಭ್ಯಾಸವನ್ನು ದಯವಿಟ್ಟು ಕೈಬಿಡಬೇಕು.

ಇದಕ್ಕಿಂತ ಗಂಭೀರವಾದದ್ದು ಹವಳದ ವಿಷಯ. ತೊಟ್ಟಿ ಸಹಜವಾಗಿ ಕಾಣಲೆಂದು ಹವಳದ ಕಲ್ಲನ್ನೋ ಜೀವಂತ ಹವಳವನ್ನೋ ಕೇಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳನ್ನೂ ಕಡಲಕುದುರೆಗಳನ್ನೂ ಸೇರಿಸಲಾಗಿದೆ. ಹುಲಿ, ಆನೆಗಳಿರುವ ಅನುಸೂಚಿಯೇ ಅದು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ್ದೇ ಹವಳದ ನೆಲೆ ಇರುವಾಗ ಈ ತಿಳಿವಳಿಕೆ ನಮಗೆ ಇನ್ನಷ್ಟು ಅಗತ್ಯ. ರಂಧ್ರಗಳಿರುವ ಸೆರಾಮಿಕ್ ತುಂಡುಗಳು ಬ್ಯಾಕ್ಟೀರಿಯಾಗಳಿಗೆ ನೆಲೆಯಾಗಲು ಧಾರಾಳವಾಗಿ ಸಾಕು.

ಮೀನುಗಳ ಆಯ್ಕೆಯಲ್ಲೂ ಹೊಣೆಯಿದೆ. ನೂರು ಲೀಟರಿನ ತೊಟ್ಟಿಗೆ ಎರಡು ಕ್ಲೌನ್‌ಫಿಶ್ ಮತ್ತು ಒಂದು ಸಣ್ಣ ಗೋಬಿ ಮೀನು ಸಾಕು. ಸುಮಾರು 30 ಸೆಂಟಿಮೀಟರ್ ಬೆಳೆಯುವ ನೀಲಿ ಟ್ಯಾಂಗ್ ಮೀನಿನ ಮರಿಯನ್ನು ಅಷ್ಟು ಸಣ್ಣ ತೊಟ್ಟಿಗೆಂದು ಮಾರುವುದು ಅನ್ಯಾಯ. ಫಿಲಿಪೀನ್ಸ್, ಇಂಡೋನೇಷ್ಯಾಗಳ ಹವಳದ ದಿಬ್ಬಗಳಲ್ಲಿ ಮೀನಿಗೆ ಅಮಲೇರಿಸಲು ಸೈನೈಡ್ ಸಿಂಪಡಿಸಿ ಹಿಡಿದ ಇತಿಹಾಸವಿದೆ. ಅದರಿಂದ ಮೀನಷ್ಟೇ ಅಲ್ಲ, ಹವಳವೂ ಸಾಯುತ್ತದೆ. ಕ್ಲೌನ್‌ಫಿಶ್ಶನ್ನು ಹಾಗೆ ಹಿಡಿದು ತರಬೇಕಾಗಿಲ್ಲ. ನಮ್ಮ ದೇಶದ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಅದರ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮರಿಗಳು ಒಣ ಆಹಾರಕ್ಕೂ ಬೇಗ ಒಗ್ಗುತ್ತವೆ.

ಆದ್ದರಿಂದ ರಾಜ್ಯದ ಮೀನುಗಾರಿಕೆ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಸಮುದ್ರದ ಮೀನು ಮಾರುವ ಪ್ರತಿ ಅಂಗಡಿಯೂ ಆ ಮೀನು ತೊಟ್ಟಿಯಲ್ಲಿ ಹುಟ್ಟಿದ್ದೋ ಸಮುದ್ರದಿಂದ ಹಿಡಿದದ್ದೋ, ಎಷ್ಟು ದೊಡ್ಡದಾಗುತ್ತದೆ, ಎಷ್ಟು ಲೀಟರ್ ನೀರು ಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ತೂಗುಹಾಕುವಂತೆ ಸೂಚಿಸಬೇಕು. ಅಂಗಡಿಯವರಲ್ಲಿ ಕೇಳಿಕೊಳ್ಳುವುದೂ ಒಂದಿದೆ: ಮೊದಲ ದಿನ ಉಪ್ಪು, ಹೈಡ್ರೋಮೀಟರ್ ಮತ್ತು ಅಮೋನಿಯಾ ಪರೀಕ್ಷೆಯ ಕಿಟ್ ಮಾರಿ, ಗಿರಾಕಿ ಐದಾರು ವಾರಗಳ ಬಳಿಕ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತಂದು ತೋರಿಸಿದ ಮೇಲೆ ಮೀನು ಕೊಡಿ.

ಇತಿ ತಮ್ಮ ವಿಶ್ವಾಸಿ,
ಮೀನು ಸಾಕುವ ಓದುಗ
ಬೆಂಗಳೂರು